ಹನೋಯ್‌ಗೆ ಬರುವವರಿಗೆ, ಚುನಾವಣೆ ಹೊತ್ತಿನಲ್ಲಿ

ಯೋಗ ಕಲಿಸೋಕೆ ಮೈಸೂರಿಂದ ಹನೋಯ್‌ಗೆ ಬರುತ್ತಿದ್ದೀರಿ. 2026ರ ಮಾರ್ಚ್ 15ಕ್ಕೆ ವಿಯೆಟ್ನಾಂನಲ್ಲಿ ಸಂಸತ್ ಚುನಾವಣೆ ಅಂತ ತಿಳಿದು, ಗಲಾಟೆ ಆಗುತ್ತಾ, ಒಂದೇ ಪಕ್ಷ ಇರುವ ಕಡೆ ಚುನಾವಣೆ ಯಾಕೆ ಅಂತ ಕೇಳಿದ್ದೀರಿ.

ಗಲಾಟೆ ಇಲ್ಲ. ಬಾಡಿಗೆ, ಊಟ ಎಲ್ಲ ಬಂದ ಮೇಲೆ ನೋಡೋಣ, ಸಾರಿನ ಪುಡಿ ಮಾತ್ರ ಜಾಸ್ತಿ ತನ್ನಿ.

ನಾನು ಬಂದದ್ದು 2011ರಲ್ಲಿ, ಮೇ 22ರ ಚುನಾವಣೆಗೆ ಒಂದು ವಾರ ಮುಂಚೆ. ಬೆಳಗಾದರೆ ಬೀದಿ ಕಂಬದ ಮೈಕು ಕೂಗುತ್ತಿತ್ತು. ನಮ್ಮಲ್ಲಿ ಆಟೋಗೆ ಮೈಕು ಕಟ್ಟಿ ಬರುತ್ತಾರಲ್ಲ, ಹಾಗೇ ಇರಬೇಕು ಅಂದುಕೊಂಡೆ. ಯಾರ ಪರವೂ ಅಲ್ಲ, ಬಂದು ಮತ ಹಾಕಿ ಅಂತಷ್ಟೇ ಅಂತೆ.

ಯಾರು ನಿಲ್ಲಬೇಕು ಅನ್ನೋದು ಆಳುವ ಕಮ್ಯುನಿಸ್ಟ್ ಪಕ್ಷದ ಕೈಕೆಳಗಿನ ಸಂಘಟನೆಗಳ ಒಕ್ಕೂಟ, ಫಾದರ್‌ಲ್ಯಾಂಡ್ ಫ್ರಂಟ್, ನಡೆಸುವ ಮೂರು ಸುತ್ತಿನ ಸಭೆಗಳಲ್ಲೇ ಸೋಸಿ ಬರುತ್ತೆ. ಹುಡುಗಿ ನೋಡೋಕೆ ಹೋಗುವ ಮುಂಚೆಯೇ ಹಿರಿಯರು ಎಲ್ಲ ಮಾತಾಡಿ ಮುಗಿಸಿರುತ್ತಾರಲ್ಲ, ಹಾಗೆ. ಆದರೂ ಸ್ಥಾನಕ್ಕಿಂತ ಹೆಸರು ಜಾಸ್ತಿ ಇರುತ್ತೆ, ಬೇಡದ ಹೆಸರು ಹೊಡೆದು ಹಾಕಬೇಕು. 2021ರಲ್ಲಿ 500 ಸ್ಥಾನಕ್ಕೆ 868 ಜನ ನಿಂತಿದ್ದರು. ಪಕ್ಷದ ಸದಸ್ಯರಲ್ಲದವರು ಗೆದ್ದದ್ದು 14. ಮತದಾನ ಶೇ 99.6 ಅಂತ ಸರ್ಕಾರದ ಲೆಕ್ಕ.

ಆ ಶೇ 99 ಹೇಗೆ ಬರುತ್ತೆ ಅಂತ ನಾನು 2016ರಲ್ಲಿ ಕಣ್ಣಾರೆ ಕಂಡೆ. ಭಾನುವಾರ, ಒಬಾಮ ಆ ರಾತ್ರಿಯೇ ಹನೋಯ್‌ಗೆ ಬರುವವರಿದ್ದರು, ಬೀದಿಯಲ್ಲೆಲ್ಲ ಅದೇ ಮಾತು. ನಮ್ಮ ಮನೆ ಮಾಲೀಕರ ತಾಯಿ, ಎಂಬತ್ತರ ಅಜ್ಜಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಏಳಕ್ಕೇ ಹೋಗಿ ಬಂದರು. ಕೈಯಲ್ಲಿ ನಾಲ್ಕು ಮತದಾರರ ಚೀಟಿ, ನಾಲ್ಕಕ್ಕೂ ‘ಮತ ಹಾಕಿದೆ’ ಅನ್ನೋ ಮುದ್ರೆ. ಮಗ, ಸೊಸೆ, ಮೊಮ್ಮಗನದ್ದೂ ಅವರೇ ಹಾಕಿದ್ದರು! ಹೀಗೆ ಮಾಡುವಂತಿಲ್ಲ, ಆದರೂ ಎಷ್ಟೋ ಮನೆಗಳಲ್ಲಿ ಮಾಡುತ್ತಾರೆ.

ನಾನು ಸುಮ್ನೆ ಇರಬಾರದಾ? "ಅಜ್ಜಿ, ಇರೋದೇ ಒಂದು ಪಕ್ಷ, ಇದಕ್ಕೆ ಇಷ್ಟು ಬೆಳಿಗ್ಗೆ ಎದ್ದಿರಾ" ಅಂತ ನಕ್ಕೆ, ಅದೂ ಅಕ್ಕಪಕ್ಕದವರ ಮುಂದೆ. ಅವರು ಚೀಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಸ್ಕತ್ ಡಬ್ಬಿಯಲ್ಲಿಟ್ಟರು. ನನಗೆ ಗ್ರೀನ್ ಟೀ ಬಗ್ಗಿಸಿದರು. "ನಿಮ್ಮಲ್ಲಿ ತುಂಬಾ ಪಕ್ಷ ಇವೆಯಂತಲ್ಲ, ನೀನು ಯಾರಿಗೆ ಹಾಕಿದೆ?"

2013ಕ್ಕೂ ಹೋಗಿರಲಿಲ್ಲ, 2014ಕ್ಕೂ ಹೋಗಿರಲಿಲ್ಲ. ಟಿಕೆಟ್ ದುಬಾರಿ, ಕ್ಲಾಸ್ ಬಿಡೋಕಾಗಲ್ಲ ಅಂತ ಏನೇನೋ ತಡವರಿಸಿದೆ. ಅಜ್ಜಿ ಏನೂ ಅನ್ನಲಿಲ್ಲ. ಟೀ ಆರುತ್ತೆ, ಕುಡಿ ಅಂದರು. ಅವತ್ತು ನಕ್ಕಿದ್ದಕ್ಕೆ ಕ್ಷಮೆ ಕೇಳಬೇಕು ಅಂದುಕೊಂಡೇ ಎರಡು ವರ್ಷ ತಳ್ಳಿದೆ. ಅಷ್ಟರಲ್ಲಿ ಅವರೇ ಹೋಗಿಬಿಟ್ಟರು.

2023ರ ಮೇನಲ್ಲಿ ಹಟ ಹಿಡಿದು ಮೈಸೂರಿಗೆ ಹೋದೆ. ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ. ಹೊರದೇಶದಲ್ಲಿರುವವರು 6ಎ ಫಾರಂ ತುಂಬಬೇಕು, ನಾನು ತುಂಬಿರಲಿಲ್ಲ, ಯಾರನ್ನು ಬೈಯಲಿ? ನೀವು ಇಲ್ಲಿ ನೆಲೆ ನಿಂತ ಮೇಲೆ ಮೊದಲು ಅದನ್ನು ತುಂಬಿ. ಇಲ್ಲಿಂದಲೇ ಮತ ಹಾಕೋಕಾಗಲ್ಲ, ಪಾಸ್‌ಪೋರ್ಟ್ ಹಿಡಿದು ನಿಮ್ಮ ಬೂತಿಗೇ ಹೋಗಬೇಕು. ಟಿಕೆಟ್ ದುಡ್ಡು ಈಗಿಂದಲೇ ಎತ್ತಿಡಿ.

ಇನ್ನೊಂದು, 15ನೇ ತಾರೀಕು ಭಾನುವಾರ. ಬೆಳಗಿನ ಕ್ಲಾಸ್ ಇಟ್ಟುಕೊಳ್ಳಬೇಡಿ, ಯಾರೂ ಬರಲ್ಲ.