ಟ್ಯಾಂಕಿನೊಳಗೆ ಗಡಿ ಜಗಳ: ಸಿಕ್ಲಿಡ್ ಸಾಕುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಮೂರು ಅಡಿ ಟ್ಯಾಂಕ್ ಇದೆ. ಅಂಗಡಿಯವರು 'ಮಿಕ್ಸ್ ಆಫ್ರಿಕನ್' ಅಂತ ಕೊಟ್ಟ ಎಂಟು ಮರಿ ತಂದು ಬಿಟ್ಟೆ. ಕೆಲವು ತಿಂಗಳು ಚೆನ್ನಾಗಿಯೇ ಇದ್ದವು. ಈಗ ಹಳದಿ ಮೈ, ಕಪ್ಪು ಪಟ್ಟೆ ಇದ್ದ ಒಂದು ಮೀನು ಬಣ್ಣ ಬದಲಾಯಿಸಿ ಹೆಚ್ಚುಕಡಿಮೆ ಕಪ್ಪಾಗಿದೆ. ಉಳಿದವನ್ನೆಲ್ಲ ಅಟ್ಟಾಡಿಸುತ್ತದೆ. ಎರಡು ಸತ್ತೇ ಹೋದವು. ಏನು ಮಾಡಲಿ? (ವಿಜಯನಗರ, ಬೆಂಗಳೂರು)

ಉತ್ತರ: ನೀವು ಹೇಳಿದ ಗುರುತು ನೋಡಿದರೆ ಅದು ಆರಾಟಸ್ ಅನ್ನುವ ಜಾತಿ, ಅದರಲ್ಲೂ ಗಂಡು. ಮರಿಯಿದ್ದಾಗ ಗಂಡು ಹೆಣ್ಣು ಎರಡೂ ಹಳದಿಯೇ. ಟ್ಯಾಂಕಿಗೆ ತಾನೇ ಯಜಮಾನ ಅಂತ ಆದ ಮೇಲೆ ಗಂಡು ಕಪ್ಪಾಗುತ್ತದೆ. ಚಂದದ ಮೀನು, ಅನುಮಾನವಿಲ್ಲ. ಆದರೆ ಹೊಸಬರ ಕೈಗೆ ಅದನ್ನು ಹೆಸರೂ ಹೇಳದೆ ಕೊಡುವುದಿದೆಯಲ್ಲ, ಅದು ನನಗೆ ಸರಿ ಕಾಣುವುದಿಲ್ಲ.

ಇವೆಲ್ಲ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳು, ಸಿಕ್ಲಿಡ್ ಅಂದರೆ ಮೀನುಗಳ ಒಂದು ದೊಡ್ಡ ಕುಟುಂಬ. ದಡದ ಬಂಡೆಗಳ ಸಂದಿಯಲ್ಲಿ ಇರುತ್ತವೆ, ಬಂಡೆಯ ಮೇಲಿನ ಪಾಚಿ ಕೆರೆದು ತಿನ್ನುತ್ತವೆ. ಒಂದೊಂದು ಗಂಡೂ ಒಂದು ಸಂದಿಯನ್ನು ತನ್ನದು ಮಾಡಿಕೊಂಡು ಕಾಯುತ್ತದೆ. ಅಲ್ಲಿ ಏಟು ತಿಂದ ಮೀನು ಸ್ವಲ್ಪ ದೂರ ಓಡಿದರೆ ಜಗಳ ಮುಗಿಯಿತು, ಹೊಡೆದದ್ದು ವಾಪಸ್ ತನ್ನ ಜಾಗಕ್ಕೆ ಹೋಗುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಓಡುವುದಾದರೂ ಎಲ್ಲಿಗೆ? ಮೂರು ಅಡಿ ಹೋದರೆ ಗಾಜು. ಸೋತದ್ದು ಇನ್ನೂ ಕಣ್ಣೆದುರೇ ಇದೆ, ಹಾಗಾಗಿ ಗೆದ್ದದ್ದು ಹೊಡೆಯುತ್ತಲೇ ಇರುತ್ತದೆ. ಮೀನಿನ ಸ್ವಭಾವವನ್ನು ನೀವು ಬದಲಾಯಿಸಲಾರಿರಿ, ಟ್ಯಾಂಕನ್ನು ಬದಲಾಯಿಸಬಹುದು.

ಮೊದಲು ಆ ಆರಾಟಸ್ ಹೊರಗೆ ಹೋಗಲಿ. ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ಬೇರೆ ಟ್ಯಾಂಕ್ ಮಾಡಿ. ಮೂರು ಅಡಿಯಲ್ಲಿ ಅದನ್ನು ಇಟ್ಟುಕೊಂಡು ಉಳಿದದ್ದೆಲ್ಲ ಮಾಡಿದರೂ ಸುಮ್ನೆ ದಂಡ. ಆಮೇಲೆ, ಕೈಯಲ್ಲಾದರೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿಗೆ ಹೋಗಿ. ಅದರಲ್ಲಿ ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗಿಂತ ಮುಖ್ಯ ತಳದ ಉದ್ದ ಅಗಲ, ಯಾಕೆಂದರೆ ಇವು ಜಗಳವಾಡುವುದು ನೆಲಕ್ಕೆ. ಎತ್ತರದ ಟ್ಯಾಂಕ್ ತಂದರೆ ಮೇಲಿನ ನೀರು ಯಾರಿಗೂ ಬೇಡ.

ಕಲ್ಲು ಜೋಡಿಸುವಾಗ ಹಿಂದಿನ ಗಾಜಿಗೆ ಒಂದೇ ಗೋಡೆ ಕಟ್ಟಿದ ಹಾಗೆ ಕಟ್ಟಬೇಡಿ. ಎರಡು ಮೂರು ಗುಡ್ಡೆ ಬೇರೆ ಬೇರೆ ಮಾಡಿ, ಆ ತುದಿಯಲ್ಲಿರುವ ಮೀನು ಈ ತುದಿಯದಕ್ಕೆ ಕಾಣಬಾರದು, ಪ್ರತಿ ಸಂದಿಗೂ ಎರಡು ಬಾಗಿಲಿರಬೇಕು. ನಮ್ಮಲ್ಲಿ ಸಿಗುವ ಗ್ರಾನೈಟ್ ಕಲ್ಲು ಧಾರಾಳವಾಗಿ ಸಾಕು, ತೊಳೆದು ಹಾಕಿ. ಒಂದು ಎಚ್ಚರಿಕೆ: ಇವು ಮರಳು ತೋಡುತ್ತವೆ, ಜೋರಾಗಿಯೇ ತೋಡುತ್ತವೆ. ಮರಳಿನ ಮೇಲೆ ಕಲ್ಲಿಟ್ಟರೆ ಒಂದು ದಿನ ಕುಸಿದು ಗಾಜು ಒಡೆಯುತ್ತದೆ. ತಳದ ಗಾಜಿನ ಮೇಲೆ ತೆಳು ಥರ್ಮೋಕೋಲ್ ಹಾಸಿ, ಅದರ ಮೇಲೆ ಕಲ್ಲು, ಆಮೇಲೆ ಸುತ್ತ ಮರಳು.

ಇನ್ನು ಸಂಖ್ಯೆ. ಇಲ್ಲಿ ಹೊಸಬರಿಗೆ ಆಶ್ಚರ್ಯ ಆಗುವ ವಿಷಯ ಇದೆ. ಜಗಳ ಜಾಸ್ತಿ ಆದರೆ ಮೀನು ಕಡಿಮೆ ಮಾಡಬೇಕು ಅನ್ನಿಸುತ್ತದೆ, ಅಲ್ವಾ? ಮಲಾವಿ ಮೀನುಗಳಲ್ಲಿ ಉಲ್ಟಾ. ಐದಾರು ಇದ್ದರೆ ಬಲಿಷ್ಠವಾದದ್ದು ಒಂದನ್ನೇ ಹಿಡಿದು ಸಾಯಿಸುತ್ತದೆ. ನಾಲ್ಕು ಅಡಿಯಲ್ಲಿ ಹದಿನೈದು ಇಪ್ಪತ್ತು ಚಿಕ್ಕ ಜಾತಿಯವು ಇದ್ದರೆ ಏಟು ಹಂಚಿಹೋಗುತ್ತದೆ, ಯಾರನ್ನೂ ಬಹಳ ಹೊತ್ತು ಅಟ್ಟುವುದಕ್ಕೆ ಆಗುವುದಿಲ್ಲ. ಆದರೆ ಇದಕ್ಕೆ ದೊಡ್ಡ ಫಿಲ್ಟರ್ ಬೇಕು, ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಾಯಿಸಬೇಕು. ಅದಕ್ಕೆ ಸಮಯವಿಲ್ಲ ಅನ್ನುವವರು ಈ ಮೀನಿನ ಸಹವಾಸಕ್ಕೇ ಬರಬೇಡಿ.

ಒಂದು ಗಂಡಿಗೆ ಮೂರಾದರೂ ಹೆಣ್ಣು ಇರಲಿ. ಒಂದೇ ಬಣ್ಣದ, ಒಂದೇ ಪಟ್ಟೆಯ ಎರಡು ಜಾತಿ ಬೇಡ, ತನ್ನ ಹಾಗೆ ಕಾಣುವುದನ್ನೇ ಅವು ಮೊದಲು ಹೊಡೆಯುವುದು. ಯೆಲ್ಲೋ ಲ್ಯಾಬ್, ರಸ್ಟಿ, ಅಸೈ, ಇವು ಮಲಾವಿಯಲ್ಲಿ ಸಾಧು ಅನ್ನಬಹುದಾದ ಜಾತಿಗಳು. ಕೆನ್ಯಿ ಬೇಡ, ಅದು ಆರಾಟಸ್‌ನ ಅಣ್ಣನೇ. ಅದರ ನೀಲಿ ಮರಿ ನೋಡಿ ಆಸೆಪಟ್ಟು ತಂದರೆ ಗಂಡು ದೊಡ್ಡದಾಗಿ ಹಳದಿಯಾಗುತ್ತದೆ, ನಿಮ್ಮ ಯೆಲ್ಲೋ ಲ್ಯಾಬ್ ಕಥೆ ಅಲ್ಲಿಗೆ ಮುಗಿಯಿತು.

ಹೊಸ ಮೀನು ಬಿಡುವ ದಿನ ಕಲ್ಲುಗಳನ್ನೆಲ್ಲ ಎತ್ತಿ ಬೇರೆ ರೀತಿ ಜೋಡಿಸಿ. ಹಳೆಯವಕ್ಕೆ ತಮ್ಮ ಗಡಿ ಎಲ್ಲಿ ಅಂತ ಗೊತ್ತಾಗುವುದಿಲ್ಲ, ಎಲ್ಲರೂ ಹೊಸದಾಗಿ ಸೈಟು ಹುಡುಕಬೇಕು. ಹೊಸಬರನ್ನು ಒಂದೊಂದೇ ತರಬೇಡಿ, ಒಟ್ಟಿಗೆ ಬಿಡಿ, ಲೈಟ್ ಆರಿಸಿ ಬಿಡಿ.

ನೀರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇವಕ್ಕೆ ಗಡಸು ನೀರು ಬೇಕು, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) 7.8ರಿಂದ 8.5. ನಿಮ್ಮದು ಗಡಸಾದ ಬೋರ್‌ವೆಲ್ ನೀರಾಗಿದ್ದರೆ ಒಳ್ಳೆಯದೇ ಆಯಿತು. ಕಾವೇರಿ ನೀರಾದರೆ ಆಂಟಿ ಕ್ಲೋರಿನ್ ಹಾಕದೆ ಟ್ಯಾಂಕಿಗೆ ಸುರಿಯಬೇಡಿ. ಹೊಟ್ಟೆ ತುಂಬಿದರೆ ಜಗಳವಾಡುವುದಿಲ್ಲ ಅಂತ ಸಿಕ್ಕಾಪಟ್ಟೆ ಆಹಾರ ಹಾಕುವವರಿದ್ದಾರೆ. ಪಾಚಿ ತಿನ್ನುವ ಮೀನು ಅದು, ಹೊಟ್ಟೆ ಊದಿಕೊಂಡು ಸಾಯುತ್ತದೆ. ಸ್ಪಿರುಲಿನಾ ಅನ್ನುವ ಪಾಚಿ ಇರುವ ಆಹಾರ, ಸ್ವಲ್ಪ ಸ್ವಲ್ಪ.

ಪ್ರಶ್ನೆ: ವಾಸ್ತುವಿಗೆ ಒಳ್ಳೆಯದು ಅಂದರು ಅಂತ ಫ್ಲವರ್‌ಹಾರ್ನ್ ತಂದಿದ್ದೇವೆ. ಒಂದೇ ಇದೆಯಲ್ಲ ಪಾಪ ಅಂತ ಅಮ್ಮನಿಗೆ ಬೇಜಾರು. ಜೊತೆಗೆ ಆಸ್ಕರ್ ಮೀನು ಬಿಡಬಹುದಾ? (ದಾವಣಗೆರೆ)

ಉತ್ತರ: ಬೇಡ. ಫ್ಲವರ್‌ಹಾರ್ನ್ ಯಾವ ನದಿಯ ಮೀನೂ ಅಲ್ಲ, 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೇರೆ ಬೇರೆ ಸಿಕ್ಲಿಡ್‌ಗಳನ್ನು ಕೂಡಿಸಿ ಮಾಡಿದ ತಳಿ. ಅದಕ್ಕೆ ಇಡೀ ಟ್ಯಾಂಕ್ ತನ್ನದೇ. ಬೇಜಾರು ಅಮ್ಮನಿಗೆ, ಮೀನಿಗಿಲ್ಲ. ಅಮ್ಮ ಗಾಜಿನ ಮುಂದೆ ಬೆರಳು ಆಡಿಸಲಿ, ಅದು ಹಿಂದೆಯೇ ಬರುತ್ತದೆ, ಇಬ್ಬರಿಗೂ ಹೊತ್ತು ಹೋಗುತ್ತದೆ. ವಾಸ್ತುವಿನ ವಿಷಯ ನನ್ನನ್ನು ಕೇಳಬೇಡಿ.

ಪ್ರಶ್ನೆ: ಕಾನ್ವಿಕ್ಟ್ ಸಿಕ್ಲಿಡ್ ಜೋಡಿ ಮೊಟ್ಟೆ ಇಟ್ಟಿದೆ. ನಾಲ್ಕು ಏಂಜೆಲ್ ಮೀನು ಮೇಲಿನ ಮೂಲೆ ಸೇರಿಕೊಂಡು ಅಲ್ಲಾಡುತ್ತಿಲ್ಲ. (ಮೈಸೂರು)

ಉತ್ತರ: ಏಂಜೆಲ್ ಕೂಡ ಸಿಕ್ಲಿಡ್ಡೇ, ಆದರೆ ಮೊಟ್ಟೆ ಕಾಯುವ ಕಾನ್ವಿಕ್ಟ್ ಮುಂದೆ ಅದರ ಆಟ ನಡೆಯುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಕಾಯುತ್ತವೆ, ಮರಿ ಈಜಾಡಲು ಶುರುವಾದ ಮೇಲೂ ವಾರಗಟ್ಟಲೆ. ಇವತ್ತೇ ಮಧ್ಯೆ ತೂತಿರುವ ಪ್ಲಾಸ್ಟಿಕ್ ತಡೆ ಹಾಕಿ, ನೀರು ಓಡಾಡಬೇಕು, ಮೀನು ದಾಟಬಾರದು. ಆಮೇಲೆ ಜೋಡಿಗೆ ಎರಡು ಅಡಿಯ ಬೇರೆ ಟ್ಯಾಂಕ್ ಮಾಡಿ. ಮರಿಗಳು ರಾಶಿ ಆಗುತ್ತವೆ, ಯಾರೂ ತೆಗೆದುಕೊಳ್ಳುವುದಿಲ್ಲ, ಆಗ ಕೆರೆಗೆ ಬಿಡೋಣ ಅನ್ನಿಸುತ್ತದೆ. ದಯವಿಟ್ಟು ಬಿಡಬೇಡಿ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಕೂಡ ಆಫ್ರಿಕಾದ ಸಿಕ್ಲಿಡ್ಡೇ. ಈಗ ಯಾವ ಕೆರೆಗೆ ಗಾಳ ಹಾಕಿದರೂ ಅದೇ ಸಿಗುತ್ತದೆ ಅಂತ ಗಾಳ ಹಾಕುವವರನ್ನು ಕೇಳಿ ನೋಡಿ.

ಪ್ರಶ್ನೆ: ನಮ್ಮ ನದಿಗಳಲ್ಲೂ ಸಿಕ್ಲಿಡ್ ಇದೆಯಂತೆ. ಹಿಡಿದು ಸಾಕಬಹುದಾ? (ಉಪ್ಪಿನಂಗಡಿ)

ಉತ್ತರ: ಇದೆ. ಭಾರತದ ಸ್ವಂತ ಸಿಕ್ಲಿಡ್ ಮೂರೇ ಜಾತಿ. ಕೇರಳದ ಊಟದ ತಟ್ಟೆಯಿಂದ ಎಲ್ಲರಿಗೂ ಗೊತ್ತಿರುವ ಕರಿಮೀನು ಒಂದು. ಆರೆಂಜ್ ಕ್ರೋಮೈಡ್ ಇನ್ನೊಂದು. ಮೂರನೆಯದು ಎಟ್ರೋಪ್ಲಸ್ ಕೆನರೆನ್ಸಿಸ್, ಹೆಸರಿನಲ್ಲೇ ಕೆನರಾ ಇದೆ. ಮೀನು ವಿಜ್ಞಾನಿ ಫ್ರಾನ್ಸಿಸ್ ಡೇ 1877ರಲ್ಲಿ ವಿವರಿಸಿದ ಮೀನು, ನೇತ್ರಾವತಿ, ಕುಮಾರಧಾರೆಯ ಕಡೆ ಮಾತ್ರ ಇರುವಂಥದ್ದು, ಅಂದರೆ ನಿಮ್ಮ ಊರಿನದೇ. ಅಷ್ಟು ಚಿಕ್ಕ ಜಾಗದಲ್ಲಿ ಉಳಿದಿರುವುದನ್ನು ಹಿಡಿದು ಟ್ಯಾಂಕಿಗೆ ಹಾಕಬೇಡಿ, ನದಿಯಲ್ಲೇ ನೋಡಿ.

ಸಾಕಲೇಬೇಕು ಅಂದರೆ ಅಂಗಡಿಯಲ್ಲಿ ಸಿಗುವ ಆರೆಂಜ್ ಕ್ರೋಮೈಡ್ ತನ್ನಿ. ಬೆರಳುದ್ದದ ಮೀನು, ಮಲಾವಿಯವುಗಳಷ್ಟು ಜಗಳಗಂಟಿ ಅಲ್ಲ. ಎರಡು ತಂದರೆ ಒಂದು ಇನ್ನೊಂದನ್ನು ಕಾಡುತ್ತದೆ, ಆರು ಎಂಟು ಒಟ್ಟಿಗೆ ತನ್ನಿ, ಮೂರು ಅಡಿ ಟ್ಯಾಂಕ್ ಸಾಕು. ಅಳಿವೆಯ ಕಡೆಯ ಮೀನಾದ್ದರಿಂದ ಸ್ವಲ್ಪ ಉಪ್ಪಿನ ನೀರು ಅದಕ್ಕೆ ಹಿತ. ತರುವ ಮೊದಲು ಯಾವ ನೀರಿನಲ್ಲಿ ಇಟ್ಟಿದ್ದರು ಅಂತ ಅಂಗಡಿಯವರನ್ನು ಕೇಳಿ, ಅದೇ ನೀರಿನಿಂದ ಶುರು ಮಾಡಿ ನಿಧಾನಕ್ಕೆ ಬದಲಾಯಿಸಿ.