ಓದುಗರ ಪ್ರಶ್ನೆ: ಜಿಂಕೆ ಬೇಟೆಗೆ ಲಿವರ್ ರೈಫಲ್, ಎಷ್ಟು ಗಜದ ತನಕ ನಂಬಬಹುದು?

ಪ್ರಶ್ನೆ: ಸಾರ್ ನಮಸ್ಕಾರ. ನಾನು ಸಕಲೇಶಪುರದ ಕಡೆಯೋನು, ಹನ್ನೊಂದು ವರ್ಷದಿಂದ ಪಿಟ್ಸ್‌ಬರ್ಗ್ ಹತ್ರ ಇದೀನಿ, ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಆಫೀಸಿನೋರು ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಆದ್ಮೇಲೆ ಜಿಂಕೆ ಬೇಟೆಗೆ ಹೋಗ್ತಾರೆ, ಈ ಸಲ ನನ್ನೂ ಕರೆದಿದ್ದಾರೆ. ಹಂಟರ್ ಕೋರ್ಸ್ ಮುಗಿಸಿದೀನಿ. ನಂಗೆ ಲಿವರ್ ರೈಫಲ್ಲೇ, ಅದೇ ಟ್ರಿಗರ್ ಸುತ್ತ ಇರೋ ಹಿಡಿ ಎಳೆದು ತೋಟಾ ಏರಿಸೋದು, ಬೇಕು ಅಂತ ಆಸೆ. ಅಂಗಡಿಯೋನು ಅದು ಹಳೇ ಕಾಲದ್ದು, 300 ಗಜ ಹೊಡೆಯೋ ಬೋಲ್ಟ್ ರೈಫಲ್, ಪಕ್ಕದ ಹಿಡಿ ಎತ್ತಿ ಎಳೆದು ತೋಟಾ ಏರಿಸೋದು, ತಗೋ ಅಂತಾನೆ, ಸ್ನೇಹಿತ ಒಬ್ಬ ಲಿವರ್ ಆದ್ರೆ 45-70 ತೋಟಾದ್ದು ತಗೋ, ಅದೇ ಗಂಡು ಅಂತಾನೆ. ಏನ್ ತಗೊಳ್ಳಲಿ, ನಿಜವಾಗ್ಲೂ ಎಷ್ಟು ದೂರ ಹೊಡೀಬಹುದು?

ಉತ್ತರ: ನಿಮ್ಮ ಆಸೆ ತಪ್ಪಲ್ಲ, ಅಂಗಡಿಯೋನು ಹೇಳಿದ್ದು ಸುಳ್ಳೂ ಅಲ್ಲ, ಆದ್ರೆ ಅವನು ಕೇಳಬೇಕಾದ ಒಂದು ಪ್ರಶ್ನೆ ಕೇಳಿಲ್ಲ, ನೀವು ಎಲ್ಲಿ ಕೂತ್ಕೊಳ್ತೀರಿ ಅಂತ. ಪೆನ್ಸಿಲ್ವೇನಿಯಾದ ಕಾಡು ನೋಡಿದೀರಲ್ಲ, ಓಕ್ ಮರ, ಹೆಮ್‌ಲಾಕ್ ಮರ, ಮಧ್ಯ ಮಧ್ಯ ಪೊದೆ, ಏರು ತಗ್ಗು, ನಮ್ಮ ಮಲೆನಾಡಲ್ಲಿ ಹಿರಿಯರು ಮರಸು ಕೂರೋದು ಅಂತಿದ್ರಲ್ಲ ಹಂಗೇ ಒಂದು ಮರಕ್ಕೆ ಒರಗಿ ಕೂತ್ರೆ ಕಣ್ಣು ಹೋಗೋದೇ 70-80 ಗಜ. ಹದಿನೆಂಟು ವರ್ಷದಲ್ಲಿ ನಾನು ಇಲ್ಲಿ ಹೊಡೆದ ಜಿಂಕೆಗಳಲ್ಲಿ ಒಂದು ಬಿಟ್ಟು ಮಿಕ್ಕವೆಲ್ಲ 100 ಗಜದ ಒಳಗೇ. ಆ ಒಂದರ ಕತೆ ಆಮೇಲೆ ಹೇಳ್ತೀನಿ.

ಈ ಕಾಡಿಗೆ ಅಂತಲೇ ಹುಟ್ಟಿದ ತೋಟಾ 30-30, ಜನ ಥರ್ಟಿ ಥರ್ಟಿ ಅಂತಾರೆ. ಜಾನ್ ಬ್ರೌನಿಂಗ್ ಡಿಸೈನ್ ಮಾಡಿದ ವಿಂಚೆಸ್ಟರ್ 1894 ರೈಫಲ್‌ಗೆ ಇದು ಬಂದಿದ್ದು 1895ರಲ್ಲಿ, ಹೊಗೆ ಬರದ ಮದ್ದಿಗೆ ಅಂತ ಅಮೆರಿಕದಲ್ಲಿ ಮಾಡಿದ ಮೊದಮೊದಲ ಬೇಟೆ ತೋಟಾಗಳಲ್ಲೊಂದು, ನೂರು ವರ್ಷ ದಾಟಿದ್ರೂ ಸಣ್ಣ ಊರಿನ ಹಾರ್ಡ್‌ವೇರ್ ಅಂಗಡೀಲೂ ಸಿಗುತ್ತೆ. 150 ಗ್ರೇನ್ (ಗ್ರೇನ್ ಅಂದ್ರೆ ಗುಂಡಿನ ತೂಕದ ಅಳತೆ) ಗುಂಡು ನಳಿಗೆ ಬಿಡೋವಾಗ ಸೆಕೆಂಡಿಗೆ ಸುಮಾರು 2390 ಅಡಿ ವೇಗ, 170 ಗ್ರೇನಿಂದು ಸುಮಾರು 2200. ಈಗಿನ ತೋಟಾಗಳ ಮುಂದೆ ಇದು ನಿಧಾನವೇ, ಒಪ್ಕೊಳ್ತೀನಿ. 100 ಗಜಕ್ಕೆ ಗುರಿ ಹೊಂದಿಸಿದ್ರೆ 200ಕ್ಕೆ ಏಳೆಂಟು ಇಂಚು ಕೆಳಗೆ ಬೀಳುತ್ತೆ, 300ಕ್ಕೆ ಎರಡು ಅಡಿಗಿಂತ ಜಾಸ್ತಿ. ಅಂದ್ರೆ 300 ಗಜದಲ್ಲಿ ಜಿಂಕೆ ಬೆನ್ನಿಗೆ ಗುರಿ ಇಟ್ರೆ ಗುಂಡು ಹೊಟ್ಟೆ ಕೆಳಗೆ ಮಣ್ಣಿಗೆ ಹೋಗುತ್ತೆ, ಇಲ್ಲಾ ಕಾಲು ಮುರಿಯುತ್ತೆ.

ಗುಂಡು ಯಾಕೆ ಇಷ್ಟು ಬೇಗ ಸೋಲುತ್ತೆ ಅಂದ್ರೆ ಅದರ ಮೂಗು ಚಪ್ಪಟೆ. ಲಿವರ್ ರೈಫಲ್‌ಗಳಲ್ಲಿ ಹೆಚ್ಚಿನವಕ್ಕೆ ಮ್ಯಾಗಜೀನ್ ಅನ್ನೋದು ನಳಿಗೆ ಕೆಳಗಿರೋ ಒಂದು ಕೊಳವೆ, ತೋಟಾಗಳು ಒಂದರ ಹಿಂದೆ ಒಂದು ಸಾಲಾಗಿ ಮಲಗಿರ್ತವೆ, ಹಿಂದಿನದರ ಮೂಗು ಮುಂದಿನದರ ಪ್ರೈಮರ್‌ಗೆ, ಅಂದ್ರೆ ತಳದಲ್ಲಿ ಮದ್ದಿಗೆ ಕಿಡಿ ಹಚ್ಚೋ ಬಿಲ್ಲೆಗೆ, ತಾಗ್ಕೊಂಡಿರುತ್ತೆ. ಅಲ್ಲಿ ಚೂಪು ಮೂಗಿನ ಗುಂಡು ಹಾಕಿದ್ರೆ ಈಡಿನ ಏಟಿಗೆ ಅದು ಪಿನ್ ತರ ಚುಚ್ಚಿ ಕೊಳವೆ ಒಳಗೇ ಸಿಡಿಯಬಹುದು, ನಿಮ್ಮ ಎಡಗೈ ಇರೋದು ಅದರ ಕೆಳಗೇ. ದಯವಿಟ್ಟು ಇದನ್ನ ಮರೀಬೇಡಿ. ಮೆತ್ತನೆ ಪ್ಲಾಸ್ಟಿಕ್ ತುದಿಯ ಹಾರ್ನಡಿ ಲಿವರೆವಲ್ಯೂಶನ್ ಅಂತ ಒಂದಿದೆ, ಅದು ಮಾತ್ರ ಚೂಪಿದ್ರೂ ಈ ಕೊಳವೆಗೆ ಅಂತಲೇ ಮಾಡಿದ್ದು, ಹಾಕಬಹುದು, 200 ಗಜದ ಹತ್ರ ಒಂದಷ್ಟು ಸಹಾಯಾನೂ ಆಗುತ್ತೆ.

ಈಗ ರೈಫಲ್. ನಿಮ್ಮ ಜಾಗದಲ್ಲಿ ನಾನಿದ್ರೆ ಮಾರ್ಲಿನ್ 336 ತಗೊಳ್ತಿದ್ದೆ. 1948ರಿಂದ ಬರ್ತಿದೆ, ಮಧ್ಯದಲ್ಲಿ ಕಂಪನಿ ಕೈ ಬದಲಾಯ್ತು, ಈಗ ರೂಗರ್‌ನೋರು ಮಾಡ್ತಾರೆ. ಇದರಲ್ಲಿ ಖಾಲಿ ತೋಟಾ ಪಕ್ಕದಿಂದ ಹಾರುತ್ತೆ, ಮೇಲ್ಭಾಗ ಗಟ್ಟಿ, ಸ್ಕೋಪ್ ಕೂರಿಸೋದು ಸುಲಭ. ಹಳೇ ವಿಂಚೆಸ್ಟರ್ 94ರಲ್ಲಿ ಖಾಲಿ ತೋಟಾ ನೆತ್ತಿ ಮೇಲಿಂದ ಹಾರುತ್ತೆ, ಸ್ಕೋಪ್ ಅಡ್ಡ ಬರುತ್ತೆ, 80ರ ದಶಕದಿಂದೀಚಿನ ಆಂಗಲ್ ಇಜೆಕ್ಟ್ ಮಾಡೆಲ್ ಆದ್ರೆ ತೊಂದರೆ ಇಲ್ಲ. ಆದ್ರೆ ಕೈಯಲ್ಲಿ ಹಿಡ್ಕೊಂಡು ದಿನವಿಡೀ ನಡೆಯೋಕೆ 94ರಷ್ಟು ಹಿತವಾದ್ದು ಇನ್ನೊಂದಿಲ್ಲ, ತೆಳ್ಳಗೆ, ಏಳು ಪೌಂಡಿನ ಆಸುಪಾಸು, ಮಧ್ಯಕ್ಕೆ ಬೆರಳು ಸುತ್ತಿದ್ರೆ ತಕ್ಕಡಿ ತರ ತೂಗುತ್ತೆ. ಹೆನ್ರಿದೂ ಚೆನ್ನಾಗಿದೆ, ಸೈಡ್ ಗೇಟ್, ಅಂದ್ರೆ ಪಕ್ಕದಿಂದ ತೋಟಾ ತುಂಬೋ ಬಾಯಿ, ಇರೋದನ್ನೇ ತಗೊಳ್ಳಿ. ಇನ್ನು ಕೊಳವೆ ಬದಲು ಡಬ್ಬಿ ತರದ ಬಾಕ್ಸ್ ಮ್ಯಾಗಜೀನ್ ಇರೋ ಲಿವರ್ ರೈಫಲ್ ಬ್ರೌನಿಂಗ್ ಬಿಎಲ್ಆರ್, ಅದು 308 ತರದ ಚೂಪು ಗುಂಡನ್ನೇ ಹೊಡೆಯುತ್ತೆ, ನಿಮ್ಮ ಗುಂಪು ದೊಡ್ಡ ಹೊಲದ ಅಂಚಲ್ಲಿ ಕೂರೋದಾದ್ರೆ ಅದನ್ನ ನೋಡಿ. ಕೊಳವೆ ಇಲ್ಲದ ಇನ್ನೊಂದು ಲಿವರ್ ರೈಫಲ್, ಹಳೇ ಸ್ಯಾವೇಜ್ 99, ಸಿಕ್ರೂ ಬಿಡಬೇಡಿ.

45-70 ಬಗ್ಗೆ ನಿಮ್ಮ ಸ್ನೇಹಿತರಿಗೆ ನನ್ನ ನಮಸ್ಕಾರ ಹೇಳಿ, ಅದು 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಮಾಡಿದ ತೋಟಾ, ಕರಡಿಗೂ ಸಾಕು, ವೈಟ್‌ಟೇಲ್ ಜಿಂಕೆಗೆ ಅಷ್ಟು ಬೇಡ. ಜೋರು ಲೋಡ್ ಹಾಕಿದ್ರೆ ಭುಜಕ್ಕೆ ಒದೆಯುತ್ತೆ, ಮೊದಲ ವರ್ಷದಲ್ಲೇ ಒದೆ ತಿಂದೋರು ಟ್ರಿಗರ್ ಎಳೆಯೋ ಮುಂಚೆ ಕಣ್ಣು ಮುಚ್ಚೋದನ್ನ ಕಲೀತಾರೆ, ಆ ಚಾಳಿ ಬಿಡಿಸೋಕೆ ವರ್ಷಗಳೇ ಬೇಕು.

ಇನ್ನು ದೂರದ ವಿಷಯ, ನಿಮ್ಮ ಪ್ರಶ್ನೆಯ ಜೀವ ಇರೋದು ಇಲ್ಲೇ. ನಾನು ಎರಡನೇ ವರ್ಷ ಒಂದು ಹುಲ್ಲುಗಾವಲಿನ ಅಂಚಲ್ಲಿ ಸಂಜೆ ಕೂತಿದ್ದೆ. ಆಚೆ ತುದೀಲಿ ಒಂದು ಗಂಡು ಬಂತು, ಒಳ್ಳೆ ಕೊಂಬು. ದೂರ ಅಂತ ಗೊತ್ತು, ಬೆಳಕು ಹೋಗ್ತಿದೆ ಅಂತಾನೂ ಗೊತ್ತು, ಪುಸ್ತಕದಲ್ಲಿ 30-30 ತೋಟಾ 200 ಗಜಕ್ಕೆ ಸರಿ ಅಂತ ಬರೆದಿತ್ತಲ್ಲ, ಸ್ವಲ್ಪ ಮೇಲೆ ಹಿಡಿದು ಹೊಡೆದೆ. ಜಿಂಕೆ ಬೆನ್ನು ಗೂನು ಮಾಡ್ಕೊಂಡು ನಡ್ಕೊಂಡು ಕಾಡಿಗೆ ಹೋಯ್ತು. ಹತ್ರ ಹೋಗಿ ಟಾರ್ಚ್ ಹಾಕಿದ್ರೆ ಹಿಮದ ಮೇಲೆ ಕೆಂಪು ರಕ್ತ ಇಲ್ಲ, ಹಸಿರು ಕಂದು ಬಣ್ಣದ ಲೋಳೆ, ಅದರಲ್ಲಿ ಅರ್ಧ ಅರೆದ ಮೆಕ್ಕೆಜೋಳದ ಚೂರು. ಗುಂಡು ಹೊಟ್ಟೆಗೆ ಬಿದ್ದಿತ್ತು. ಇಡೀ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ತೊರೆ ಹತ್ರ ಸಿಕ್ತು, ಮಲಗಿದ ಜಾಗ ಮೂರು ಕಡೆ ಹಿಮ ಕರಗಿತ್ತು, ಅಂದ್ರೆ ಮೂರು ಸಲ ಎದ್ದು ಎದ್ದು ಮಲಗಿದೆ. ಮಾಂಸ ಕೆಟ್ಟಿತ್ತು. ಆಮೇಲೆ ಅಳತೆ ಮಾಡಿದ್ರೆ 215 ಗಜ.

ಆದ್ರಿಂದ ಪುಸ್ತಕದ ನಂಬರ್ ಪಕ್ಕಕ್ಕಿಡಿ, ಪ್ಲೇಟ್ ಲೆಕ್ಕ ಮಾಡಿ. ಎಂಟು ಇಂಚಿನ ಪೇಪರ್ ಪ್ಲೇಟ್ ಇರುತ್ತಲ್ಲ, ಜಿಂಕೆಯ ಹೃದಯ ಶ್ವಾಸಕೋಶ ಇರೋ ಜಾಗ, ಮುಂಗಾಲಿನ ಸ್ವಲ್ಪ ಹಿಂದೆ, ಹೆಚ್ಚುಕಮ್ಮಿ ಅಷ್ಟೇ ಅಗಲ. ಅದನ್ನ 50 ಗಜದಲ್ಲಿ ನಿಲ್ಲಿಸಿ, ರೇಂಜಿನ ಬೆಂಚ್ ಮೇಲೆ ಕೂತಲ್ಲ, ನೆಲದ ಮೇಲೆ ಕೂತು ಮಂಡಿಗೆ ಮೊಣಕೈ ಊರಿ, ಚಳಿ ಜಾಕೆಟ್ ಹಾಕ್ಕೊಂಡೇ ಐದು ಈಡು ಹೊಡೀರಿ. ಐದೂ ಪ್ಲೇಟಲ್ಲಿದ್ರೆ 75ಕ್ಕೆ ಹೋಗಿ, ಆಮೇಲೆ 100, 125. ಐದರಲ್ಲಿ ಒಂದು ಹೊರಗೆ ಬಿದ್ದ ದೂರದಿಂದ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ, ಈ ವರ್ಷಕ್ಕೆ ಅದೇ ನಿಮ್ಮ ಗಡಿ, ಕೊಂಬು ಎಷ್ಟೇ ದೊಡ್ಡದಿರಲಿ. ಸ್ಕೋಪ್ ಇಲ್ಲದೆ ಬರೇ ಕಬ್ಬಿಣದ ಸೈಟಲ್ಲಿ (ನಳಿಗೆ ಮೇಲಿನ ಗುರಿಮುಳ್ಳಲ್ಲಿ) ಹೊಸಬರಿಗೆ 75 ಬಂದ್ರೆ ಒಳ್ಳೇದೇ. ಕಮ್ಮಿ ಪವರ್ ಸ್ಕೋಪ್, 2-7 (ಎರಡರಿಂದ ಏಳು ಪಟ್ಟು ದೊಡ್ಡದಾಗಿ ತೋರಿಸೋದು) ಇದ್ರೆ ಸಾಕು, ಹಾಕಿದ್ರೆ 125-150 ತನಕ ಹೋಗಬಹುದು, ಮಬ್ಬುಗತ್ತಲಲ್ಲಿ ಜಿಂಕೆಯ ಮುಂದೆ ಅಡ್ಡ ಇರೋ ಕಡ್ಡಿ ಕೂಡ ಕಾಣುತ್ತೆ. 100 ಗಜದಲ್ಲಿ ಎರಡು ಇಂಚು ಮೇಲೆ ಬೀಳೋ ಹಂಗೆ ಹೊಂದಿಸ್ಕೊಳ್ಳಿ, 150ರ ಹತ್ರ ಸರಿಯಾಗಿ ಬರುತ್ತೆ, ನಡುವೆ ಲೆಕ್ಕ ಹಾಕೋ ಕೆಲಸ ಇಲ್ಲ. ಯಾವ ತೋಟಾದಲ್ಲಿ ಅಭ್ಯಾಸ ಮಾಡಿದ್ರೋ ಅದನ್ನೇ ಕಾಡಿಗೂ ತಗೊಂಡು ಹೋಗಿ, ಕಂಪನಿ ಬದಲಾದ್ರೆ ಬೀಳೋ ಜಾಗಾನೂ ಬದಲಾಗುತ್ತೆ.

ಅಂದಹಾಗೆ ಆರೆಂಜ್ ಬಟ್ಟೆ ಮರೀಬೇಡಿ, ಪೆನ್ಸಿಲ್ವೇನಿಯಾದ ರೈಫಲ್ ಸೀಸನ್ನಲ್ಲಿ ತಲೆ ಎದೆ ಬೆನ್ನು ಸೇರಿ 250 ಚದರ ಇಂಚು ಕಡ್ಡಾಯ.

ಪ್ರಶ್ನೆ: ನಾವು ಒಹಾಯೋದ ಕೊಲಂಬಸ್ ಹತ್ರ ಇದೀವಿ. ಪೆನ್ಸಿಲ್ವೇನಿಯಾದ ಸ್ನೇಹಿತರ 30-30 ಇಲ್ಲಿ ಬಳಸಬಹುದಾ?

ಉತ್ತರ: ಜಿಂಕೆಗೆ ಬಳಸೋ ಹಾಗಿಲ್ಲ. ಒಹಾಯೋದಲ್ಲಿ ನೇರ ಗೋಡೆಯ ತೋಟಾ ಮಾತ್ರ, ಅಂದ್ರೆ ಕೊಳವೆ ತರ ಒಂದೇ ಸಮ ಇರಬೇಕು, 30-30ಕ್ಕೆ ಬಾಟ್ಲಿ ತರ ಕತ್ತು ಇದೆ. ಲಿವರಲ್ಲೇ ಬೇಕಂದ್ರೆ 44 ಮ್ಯಾಗ್ನಮ್, 45-70, ಇಲ್ಲಾ 2023ರಲ್ಲಿ ಬಂದ 360 ಬಕ್‌ಹ್ಯಾಮರ್ ನೋಡಿ, ಈ ಕೊನೇದು ಇಂಥ ರಾಜ್ಯಗಳಿಗೆ ಅಂತಲೇ ಮಾಡಿದ್ದು. 44ನ್ನ 100 ಗಜ ದಾಟಿಸಬೇಡಿ. ಪ್ರತಿ ವರ್ಷ ರಾಜ್ಯದ ಬೇಟೆ ನಿಯಮದ ಪುಸ್ತಕ ಹೊಸದಾಗಿ ಓದಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದೀನಿ. ರೈಫಲ್ ಕೊಳ್ಳಬಹುದಾ?

ಉತ್ತರ: ಫೆಡರಲ್ ಕಾನೂನಿನ ಪ್ರಕಾರ ಇಂಥ ವೀಸಾದಲ್ಲಿರೋರು ಬಂದೂಕು ಇಟ್ಕೊಳ್ಳೋ ಹಾಗಿಲ್ಲ, ಆದ್ರೆ ಯಾವುದಾದ್ರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ರೆ ಅದಕ್ಕೆ ವಿನಾಯ್ತಿ ಇದೆ. ಲೈಸೆನ್ಸ್ ಅವಧಿ ಮುಗಿದ ದಿನ ಮನೇಲಿ ರೈಫಲ್ ಇದ್ರೆ ಅದೇ ತಪ್ಪಾಗುತ್ತೆ, ಇದು ಜನರಿಗೆ ಗೊತ್ತಾಗಲ್ಲ. ಅಂಗಡೀಲಿ 4473 ಅನ್ನೋ ಫಾರ್ಮ್ ತುಂಬಿಸ್ತಾರೆ, ಒಂದು ಅಕ್ಷರಾನೂ ಸುಳ್ಳು ಬರೀಬೇಡಿ. ಗ್ರೀನ್ ಕಾರ್ಡ್ ಫೈಲ್ ಓಡ್ತಿದ್ರೆ ಮೊದಲು ನಿಮ್ಮ ಇಮಿಗ್ರೇಶನ್ ವಕೀಲರ ಹತ್ರ ಮಾತಾಡಿ.

ಪ್ರಶ್ನೆ: ನಾವು ಕೊಡಗಿನವರು, ಮನೇಲಿ ತಾತನ ಕಾಲದ ಜೋಡುನಳಿಗೆ ಇದೆ, ಲೈಸೆನ್ಸ್ ವಿನಾಯ್ತೀನೂ ಇದೆ. ಊರಿಗೆ ಹೋದಾಗ ಕಾಡಲ್ಲಿ ಜಿಂಕೆಗೆ ಹೋಗಬಹುದಾ?

ಉತ್ತರ: ಇಲ್ಲಮ್ಮ, ಖಂಡಿತ ಇಲ್ಲ. ಆ ವಿನಾಯ್ತಿ ಕೋವಿ ಇಟ್ಕೊಳ್ಳೋಕೆ, ಕೈಲ್ ಪೊಳ್ದ್ ದಿನ ಹೂವಿಟ್ಟು ಪೂಜೆ ಮಾಡೋಕೆ, ತೆಂಗಿನಕಾಯಿಗೆ ಗುರಿ ಹೊಡೆಯೋಕೆ. ಬೇಟೆಯನ್ನ 1972ರ ವನ್ಯಜೀವಿ ಕಾಯ್ದೆ ನಿಲ್ಲಿಸಿದೆ, ಜಿಂಕೆಗೂ ಕಡವೆಗೂ ಕಾಡುಕುರಿಗೂ ಒಂದೇ ಮಾತು.

ಪ್ರಶ್ನೆ: ನಮ್ಮ ಯಜಮಾನ್ರ ಹಳೇ ವಿಂಚೆಸ್ಟರ್ 94 ಇದೆ, ಸೇಫ್ಟಿ ಬಟನ್ ಇಲ್ಲ. ವಿಸ್ಕಾನ್ಸಿನ್ ಚಳೀಲಿ ಗ್ಲೌಸ್ ಹಾಕ್ಕೊಂಡು ಹ್ಯಾಮರ್ ಇಳಿಸೋಕೆ ಭಯ ಆಗುತ್ತೆ. ಮಗನೂ ಈ ವರ್ಷ ಜೊತೆಗೆ ಬರ್ತಾನೆ.

ಉತ್ತರ: ಭಯ ಆಗೋದೇ ಸರಿ. ಹ್ಯಾಮರ್, ನಮ್ಮೂರಲ್ಲಿ ಕುದುರೆ ಅಂತಿದ್ರು, ಜಾರಿದ್ರೆ ಈಡು ಹಾರುತ್ತೆ. ಬಲಗೈ ಗ್ಲೌಸ್ ತೆಗೀರಿ, ನಳಿಗೆ ಮೆತ್ತನೆ ನೆಲದ ಕಡೆ ತಿರುಗಿಸಿ, ಹೆಬ್ಬೆರಳಲ್ಲಿ ಹ್ಯಾಮರ್ ಗಟ್ಟಿಯಾಗಿ ಹಿಡಿದು ಟ್ರಿಗರ್ ಒತ್ತಿ, ಹ್ಯಾಮರ್ ಸ್ವಲ್ಪ ಕದಲಿದ ಕೂಡ್ಲೇ ಟ್ರಿಗರ್ ಬಿಟ್ಟುಬಿಡಿ, ಹೆಬ್ಬೆರಳು ಬಿಡದೆ ಹ್ಯಾಮರನ್ನ ನಿಧಾನಕ್ಕೆ ಇಳಿಸಿ, ಅದು ಹಾಫ್ ಕಾಕ್ ಹಲ್ಲಿಗೆ, ಅಂದ್ರೆ ಅರ್ಧದಲ್ಲೇ ತಡೆದು ನಿಲ್ಲಿಸೋ ಹಲ್ಲಿಗೆ, ಬಂದು ಕೂರುತ್ತೆ. ಖಾಲಿ ರೈಫಲಲ್ಲಿ ಮನೇಲಿ ಐವತ್ತು ಸಲ ಮಾಡಿ. ಸ್ಕೋಪ್ ಇದ್ರೆ ಹ್ಯಾಮರ್‌ಗೆ ಪಕ್ಕಕ್ಕೆ ಚಾಚೋ ಸಣ್ಣ ಕೊಕ್ಕೆ ಸಿಗುತ್ತೆ, ಅದನ್ನ ಹಾಕಿಸಿ, ಇಲ್ದಿದ್ರೆ ಬೆರಳು ಹೋಗಲ್ಲ. ಇದೆಲ್ಲಕ್ಕಿಂತ ಒಳ್ಳೇದು ಕಾಡಲ್ಲಿ ನಡೆಯೋವಾಗ ಚೇಂಬರ್, ಅಂದ್ರೆ ನಳಿಗೆ ಹಿಂಬದಿ ತೋಟಾ ಕೂರೋ ಜಾಗ, ಖಾಲಿ ಇಟ್ಟು, ಕೂತ ಮೇಲೆ ನಿಧಾನಕ್ಕೆ ಲಿವರ್ ಎಳೆದು ತೋಟಾ ಏರಿಸೋದು. ಮಗನ ಕೈಗೆ ಕೊಡೋ ಮುಂಚೆ ಲಿವರ್ ತೆರೆದು ಚೇಂಬರ್ ಒಳಗೆ ಕಿರುಬೆರಳು ಹಾಕಿ ನೋಡಿ, ಆಮೇಲೆ ಕೊಳವೆ ಬಾಯಿಗೂ ಬೆರಳಿಟ್ಟು ನೋಡಿ, ಖಾಲಿ ಅಂದ್ಕೊಂಡಾಗಲೂ ಅಲ್ಲಿ ಒಂದು ತೋಟಾ ಸಿಕ್ಕಿಹಾಕ್ಕೊಂಡು ಕೂತಿರುತ್ತೆ.