ಹಳೇ ಮನೆಯಲ್ಲಿ ಆಫೀಸು: ಏಸಿಗೆ ಮೊದಲು ಗೋಡೆ ನೋಡಿ

ಪ್ರಶ್ನೆ: ಮೈಸೂರಿನ ಲಕ್ಷ್ಮೀಪುರಂನಲ್ಲಿ ಅಜ್ಜನ ಕಾಲದ ಮನೆಯಿದೆ. ಸುಣ್ಣದ ಗಾರೆಯ ದಪ್ಪ ಗೋಡೆ, ಮುಂದೆ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಚಾವಣಿ), ಹಿಂದೆ ಮಂಗಳೂರು ಹೆಂಚು. ಇಪ್ಪತ್ತು ಜನ ಕೂರುವ ಕೋ-ವರ್ಕಿಂಗ್ ಆಫೀಸು ಮಾಡಬೇಕೆಂದಿದ್ದೇವೆ. ಕರೆಂಟ್ ಬಿಲ್ ಕಡಿಮೆ ಬರಬೇಕು. ಈಚೆಗೆ ಮಾಡಿಸಿದ ಸಿಮೆಂಟ್ ಪ್ಲಾಸ್ಟರ್ ಮೇಲೆ, ಗೋಡೆಯ ಬುಡದಲ್ಲಿ ಬಣ್ಣ ಉದುರುತ್ತಿದೆ. ಎಲ್ಲಿಂದ ಶುರು ಮಾಡೋಣ?

ಉತ್ತರ: ಆ ಸಿಮೆಂಟಿನಿಂದಲೇ. ಗೋಡೆ ನೆಲದಿಂದ ಹೀರಿದ ತೇವ ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತಿತ್ತು. ಸಿಮೆಂಟ್ ಅಡ್ಡ ನಿಂತಿತು, ತೇವ ಇನ್ನೂ ಮೇಲೇರಿತು, ಜೊತೆಗೆ ಬಂದ ಉಪ್ಪು ಬಣ್ಣವನ್ನು ಒಳಗಿನಿಂದ ತಳ್ಳುತ್ತಿದೆ. ಮೊದಲು ಹೊರಗೆ ನೋಡಿ: ಅಂಗಳಕ್ಕೆ ಇಂಟರ್‌ಲಾಕ್ ಹಾಕಿ ನೆಲ ಎತ್ತರಿಸಿದ್ದಾರೆಯೇ, ಮಳೆನೀರಿನ ಪೈಪು ಗೋಡೆಯ ಬುಡಕ್ಕೇ ಸುರಿಯುತ್ತಿದೆಯೇ? ಅದು ಸರಿಯಾಗದೆ ಒಳಗೆ ಮಾಡಿದ್ದೆಲ್ಲ ದಂಡ.

ಆಮೇಲೆ ತೇವದ ಗುರುತಿಗಿಂತ ಅರ್ಧ ಮೀಟರ್ ಮೇಲಿನವರೆಗೆ ಸಿಮೆಂಟನ್ನು ಉಳಿ-ಸುತ್ತಿಗೆಯಲ್ಲೇ ಕೀಳಿಸಿ; ಬ್ರೇಕರ್ ಮೆಷಿನ್ ಬೇಡ, ಹಳೇ ಇಟ್ಟಿಗೆಯೇ ಕಿತ್ತುಬರುತ್ತದೆ. ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರಲ್ಲಿ ತೊಳೆದರೆ ಕರಗಿ ಮತ್ತೆ ಗೋಡೆಯೊಳಕ್ಕೇ ಇಳಿಯುತ್ತದೆ. ಒಂದು ಬೇಸಿಗೆಯಾದರೂ ಗೋಡೆ ಆರಲಿ. ಆಮೇಲೆ ಎರಡು ವಾರವಾದರೂ ನೆನೆದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಸೇರಿಸಿ, 10-12 ಮಿಲಿಮೀಟರ್ ದಪ್ಪದ ಪದರಗಳಲ್ಲಿ ಗಾರೆ. ಮೇಲೆ ಸುಣ್ಣವೇ ಬಳಿಯಿರಿ, ಎಮಲ್ಷನ್ ಅಲ್ಲ.

ತಾರಸಿ ಸೋರಿದರೆ ಮೇಲೊಂದು ಕಾಂಕ್ರೀಟ್ ಹಾಕಿಸಿ ಎನ್ನುವ ಮೇಸ್ತ್ರಿಗಳಿದ್ದಾರೆ. ಕೇಳಬೇಡಿ: 50 ಮಿಲಿಮೀಟರ್ ಕಾಂಕ್ರೀಟ್ ಎಂದರೆ ಚದರ ಮೀಟರಿಗೆ ಸುಮಾರು 120 ಕಿಲೋ, ಅಷ್ಟನ್ನೂ ಹಳೇ ಮರದ ತೊಲೆಗಳೇ ಹೊರಬೇಕು. ತೊಲೆ ಮೊದಲು ಕೊಳೆಯುವುದು ಗೋಡೆಯೊಳಗೆ ಹೋದ ತುದಿಯಲ್ಲಿ. ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಮೆತ್ತಗೆ ಇಳಿದರೆ ಸ್ಟ್ರಕ್ಚರಲ್ ಎಂಜಿನಿಯರ್ ಬರಲೇಬೇಕು. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದದ್ದನ್ನು ಊರೇ ನೋಡಿದೆ. ತೊಲೆ ಗಟ್ಟಿಯಿದ್ದರೆ ಬಿರುಕಿಗೆ ಸುಣ್ಣದ ಗಾರೆ ತುಂಬಿ, ನೀರು ನಿಲ್ಲದಂತೆ ಇಳಿಜಾರು ಕೊಟ್ಟು, ಮೇಲೆ ಬಿಳಿ ಬಳಿಯಿರಿ.

ಇನ್ನು ಸೆಕೆ. ಫಾಲ್ಸ್ ಸೀಲಿಂಗ್ ಹಾಕಿ ಗವಾಕ್ಷಿ ಮುಚ್ಚುವುದು ಈಗಿನ ಚಾಳಿ. ಬಿಸಿಗಾಳಿ ಹೊರಹೋಗುವ ದಾರಿಯೇ ಅದು. ಜಾಲರಿ ಹಾಕಿ ತೆರೆದಿಡಿ. ಮೈಸೂರಿನಲ್ಲಿ ಬೇಸಿಗೆಯಲ್ಲೂ ರಾತ್ರಿ ತಂಪು. ರಾತ್ರಿ ಗಾಳಿಯಾಡಿಸಿ, ಹಗಲು ಹತ್ತರ ನಂತರ ಬಿಸಿಲ ಕಡೆಯ ಕಿಟಕಿ ಮುಚ್ಚಿದರೆ ದಪ್ಪ ಗೋಡೆ ಮಧ್ಯಾಹ್ನದ ಸೆಕೆ ತಡೆಯುತ್ತದೆ. 75 ವಾಟಿನ ಹತ್ತು ಫ್ಯಾನುಗಳ ಬದಲು 30 ವಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಮೋಟರಿನ) ಫ್ಯಾನು ಹಾಕಿದರೆ ಹತ್ತು ಗಂಟೆಗೆ ನಾಲ್ಕೂವರೆ ಯೂನಿಟ್ ಉಳಿತಾಯ. ಏಸಿ ಮೀಟಿಂಗ್ ರೂಮಿಗೊಂದು ಸಾಕು.

ಪ್ರಶ್ನೆ: ಮಂಡ್ಯದ ನಮ್ಮ ಹಳೇ ಮನೆಗೆ ಮರದ ಮಹಡಿ. ಅಲ್ಲೂ ಮೇಜು ಹಾಕಬಹುದೇ? ಪಾರ್ಟಿಷನ್, ವೈರಿಂಗ್ ಹೇಗೆ?

ಉತ್ತರ: ವಾಸದ ಮನೆಗೆ ಚದರ ಮೀಟರಿಗೆ 200 ಕಿಲೋ ಲೆಕ್ಕ ಹಿಡಿದರೆ ಆಫೀಸಿಗೆ 250ರಿಂದ 400. ಎಂಜಿನಿಯರ್ ಒಪ್ಪಿದರೂ ಫೈಲ್ ರ್‍ಯಾಕು, ಯುಪಿಎಸ್ ಬ್ಯಾಟರಿ ಕೆಳಗೇ ಇರಲಿ. ಗೋಡೆಗೆ ಮೊಳೆ ಬೇಡ. ಗಾಲಿಯ ಪಾರ್ಟಿಷನ್ ಆದರೆ ಜಾಗ ಬದಲಿಸುವುದೂ ಸುಲಭ. ಗೋಡೆ ಕೊರೆದು ಪೈಪ್ ಹೂಳದೆ, ಬುಡದುದ್ದಕ್ಕೂ ಕೇಸಿಂಗ್ ಪಟ್ಟಿಯಲ್ಲಿ ಪ್ಲಗ್‌ಗಳಿಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆಸಿ. ಹೊಸ ಅರ್ಥಿಂಗ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್) ಕಡ್ಡಾಯ. ಆಫೀಸು ತೆರೆಯುವ ಮೊದಲು ನಿಮ್ಮ ಕಡೆಯ ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ನಲ್ಲಿ ಗೃಹಬಳಕೆಯ ಸಂಪರ್ಕವನ್ನು ವಾಣಿಜ್ಯಕ್ಕೆ ಬದಲಿಸಿಕೊಳ್ಳಿ. ಹೊಸ ಲೋಡಿನ ಲೆಕ್ಕವನ್ನೂ ಅರ್ಜಿಯ ಜೊತೆಗೇ ಕೊಡಿ.